ಹುಲ್ಲಿನ ಲೆಕ್ಕ

ಮೂರನೇ ಕಿಟಕಿ ನನ್ನದು. ಗಾಜಿಗೊಂದು ತೂತು,
ತೂತಿನಷ್ಟೇ ದೊಡ್ಡದು ನನ್ನ ಕಿವಿ.
ಅದರಾಚೆ ಬಂದು ನಿಂತಳು ಹಾಫಿಯಾ,
ಎರಡು ಬಸ್ಸು ಬದಲಿಸಿ, ಬೆಟ್ಟದ ಮೇಲಿನ ಊರಿಂದ,
ಕೆಮ್ಮಿದರೆ ಪೋಲೆಂಡಿಗೆ ಕೇಳಿಸುವಷ್ಟು ಗಡಿಯಂಚಿನ ಊರಿಂದ.
ಕೈಯಲ್ಲಿ ಅಪ್ಪನ ಹೆಸರಿನ ಪತ್ರ,
ತಲೆವಸ್ತ್ರದಲ್ಲಿ ಒಣಹುಲ್ಲಿನ ಒಂದೆಳೆ.

"ಹೆಕ್ಟೇರಿಗೆ ಇಷ್ಟು ಅಂತ ಸರ್ಕಾರ ಕೊಡ್ತದಂತೆ.
ನನ್ನದು ಎರಡೂವರೆ. ಬೇಡ ಅನ್ನೋದ್ಯಾಕೆ?"

ಸಂಖ್ಯೆ ಒತ್ತಿದೆ. ಅವಳ ಹುಲ್ಲುಗಾವಲು ಪರದೆಯಲ್ಲಿ
ಆಕಾಶದಿಂದ ತೆಗೆದ ಚಿತ್ರವಾಗಿ ತೆರೆಯಿತು:
ಮೂಲೆಯ ಪ್ಲಮ್ ಮರ, ಬಣವೆಗಳ ನಾಲ್ಕು ಚುಕ್ಕಿ,
ಸುತ್ತ ಹಳದಿ ಗೆರೆ,
ಗೆರೆಯೊಳಗೆ ಬೇರೆ ಹೆಸರು.
"ಅಮ್ಮಾ, ಇದನ್ನ ಆಗಲೇ ಒಬ್ಬರು ಸಾಗುವಳಿ ಮಾಡ್ತಿದಾರೆ."
"ಯಾರು?"
"ಒಂದು ಕಂಪನಿ. ಬ್ರಾಟಿಸ್ಲಾವಾದ್ದು. ಒಂಬತ್ತು ವರ್ಷದಿಂದ."
ಅವಳಿಗೆ ಕೋಪ ಬರಲಿಲ್ಲ, ನಿಜಕ್ಕೂ ಕುತೂಹಲ:
"ಹಾಗಾದರೆ ಒಂಬತ್ತು ವರ್ಷ
ನಾನು ಕುಯ್ದದ್ದು ಯಾವ ಹುಲ್ಲು?"

ನಿಯಮ ಹೇಳಿದೆ. ನಿಯಮ ನನಗೆ ಬಾಯಿಪಾಠ.
ಹಣ ಒಡೆಯರಿಗಲ್ಲ, ಬಳಕೆದಾರರಿಗೆ.
ಬಳಕೆದಾರರು ಅಂದರೆ ಅರ್ಜಿ ಹಾಕಿದವರು.
ಅರ್ಜಿ ಹಾಕಬಹುದಾದವರು ಯಾರೆಂದರೆ
ಬಳಕೆದಾರರು.
ಹುಟ್ಟಿಸಿದ ದೇವರು ಹುಲ್ಲು ಮೇಯಿಸಲಾರ, ಸರಿ.
ಬ್ರಸೆಲ್ಸ್ ಮೇಯಿಸುತ್ತದೆ, ಅದೂ
ದನವಿಲ್ಲದೆ ಕಾಗದದಲ್ಲೇ ಮೇಯಬಲ್ಲವರನ್ನು.

ಆ ಬೇಸಿಗೆ ಅವಳು ಕುಯ್ಯಲಿಲ್ಲ.
ಯಾರು ಬರುತ್ತಾರೋ ನೋಡೇಬಿಡೋಣ ಎಂದು
ಕಲ್ಲಿನ ಮೇಲೆ ಕೂತು ಕಾದಳಂತೆ.
ಜೂನ್ ಬಂತು, ಕಂಪನಿ ಬರಲಿಲ್ಲ.
ಜುಲೈಯಲ್ಲೊಂದು ಜಿಂಕೆ ಬಂದು ಮಲಗಿ, ಎದ್ದು ಹೋಯಿತು.
ಅದು ಅರ್ಜಿ ಹಾಕಿರಲಿಲ್ಲ.
ಹುಲ್ಲು ಸೊಂಟದ ಮಟ್ಟ ಬಂತು, ಬಾಗಿತು, ಅಲ್ಲೇ ಕೊಳೆಯಿತು.
ಮೇಕೆಗಳಿಗೆ ನೆರೆಯವನಿಂದ ಮೇವು ಕೊಂಡಳು,
ಮೊದಲ ಸಲ ಹುಲ್ಲಿಗೆ ದುಡ್ಡು ಕೊಟ್ಟಳು.
ಮರುವರ್ಷ ಬರ್ಚ್ ಸಸಿ, ಮೊಣಕಾಲೆತ್ತರ.

ಆಗ ಆಕಾಶಕ್ಕೆ ಕಂಡಿತು.
ಕಂಪನಿಗೆ ನೋಟೀಸು ಟೈಪು ಮಾಡಿದವನು ನಾನೇ:
ಭೂಮಿ ಪಾಳುಬಿದ್ದಿದೆ, ಕಾರಣ ತಿಳಿಸಿ.

ಮೂರು ವಾರಕ್ಕೆ ಒಬ್ಬ ಹುಡುಗ ಬಂದ. ಬಿಳಿ ಬೂಟು.
ಫೋನನ್ನು ದಾರಿ ಕೇಳಿ ಕೇಳಿ, ತನ್ನದೇ ಹೊಲಕ್ಕೆ.
ಇದನ್ನವಳೇ ಹೇಳಿದ್ದು, ನಗು ತಡೆಯದೆ, ತೂತಿಗೆ ಬಾಯಿಟ್ಟು:
"ಅಜ್ಜೀ, ಯಾಕೆ ಕುಯ್ಯೋದು ಬಿಟ್ರಿ?" ಅಂದನಂತೆ,
ಕೆಲಸದವಳು ಹೇಳದೆ ರಜೆ ಹಾಕಿದ ಹಾಗೆ.
ಆಳುದ್ದ ಹಿಡಿಯ ಕುಡುಗೋಲು ತಂದುಕೊಟ್ಟಳು, ಮಸೆಗಲ್ಲೂ.
"ಇಬ್ಬನಿ ಇರುವಾಗಲೇ ಶುರು ಮಾಡು ಮಗಾ. ಹಗುರ."
ಊರುಗೋಲಿನಂತೆ ಹಿಡಿದ.
"ಒಂದು ಫೋಟೋ ತೆಗೀತೀರಾ?" ಅಂದ.
ತೆಗೆದಳು. ಕೇಳಿದ್ದಕ್ಕೆ ಇಲ್ಲ ಅನ್ನುವ ಜಾಯಮಾನವಲ್ಲ.

ಆ ಫೋಟೋ ಬಂತು ನನ್ನ ಮೇಜಿಗೆ, ನೋಟೀಸಿಗೆ ಉತ್ತರವಾಗಿ.
"ಕೆಲಸ ಪ್ರಗತಿಯಲ್ಲಿದೆ."
ಬಿಳಿ ಬೂಟು, ಕುಡುಗೋಲು, ಹಲ್ಲು ಕಾಣುವ ನಗು,
ಕೆಳಗೆ ಸಸಿಗಳ ಮೇಲೆ ಉದ್ದಕ್ಕೆ ಬಿದ್ದ
ತಲೆವಸ್ತ್ರದ ನೆರಳು.
ಸಾಕ್ಷ್ಯ ಸಾಕೆಂದರು ಮೇಲಿನವರು.
ಮೊಹರು ಒತ್ತಿದ್ದು ಈ ಕೈ.

ಈ ವರ್ಷ ಬರ್ಚ್ ಕಿತ್ತು ಮತ್ತೆ ಕುಯ್ಯುತ್ತಿದ್ದಾಳಂತೆ.
ಇನ್ನೇನು ಮಾಡಲಿ, ಅಂದಳು.
ಮೇಕೆಗಳು ಕಾಗದವನ್ನೂ ತಿನ್ನುತ್ತವೆ ನಿಜ,
ಆದರೆ ಚಳಿಗಾಲ ಪೂರ್ತಿ ಅಲ್ಲ.