ಕಬ್ಬಿಣದ ಕಡಲೆ

ವಿನ್ನೆಮಕ್ಕ ಊರಾಚೆ, ಜಲ್ಲಿ ತೆಗೆದುಬಿಟ್ಟ ಹಳ್ಳದಲ್ಲಿ
ನಮ್ಮ ಗುರಿಮೈದಾನ. ನಾನಲ್ಲಿ ಗುಡಿಸುವವನು.
ಎರಡು ಬಕೆಟ್ಟು, ಒಂದು ಕಸಬರಿಕೆ,
ಹಗ್ಗದ ತುದಿಗೊಂದು ಅಯಸ್ಕಾಂತ,
ಹಳೇ ಸ್ಪೀಕರಿನ ಹೊಟ್ಟೆ ಬಗೆದು ತೆಗೆದದ್ದು.

ಹಿತ್ತಾಳೆ ಚಿಪ್ಪು ಬಿದ್ದರೆ, ಬಿದ್ದ ಸದ್ದಿಗೇ
ನಾಲ್ಕು ಜನ ಬಗ್ಗುತ್ತಾರೆ.
ತೊಳೆದು, ಹಿಗ್ಗಿದ್ದನ್ನು ಹಿಸುಕಿ, ಮತ್ತೆ ಮದ್ದು ತುಂಬಿ
ಐದು ಜನ್ಮ, ಆರು ಜನ್ಮ ಎತ್ತಿಸುತ್ತಾರೆ ಅದಕ್ಕೆ.
ಉಕ್ಕಿನದಕ್ಕೆ ಒಂದೇ.
ಬೂದು ಮೈ, ಮೇಲೆ ತೆಳ್ಳಗೆ ಅರಗಿನಂಥ ಲೇಪ.
ಠಣ್ ಎನ್ನುವುದಿಲ್ಲ, ಟಕ್ ಅನ್ನುತ್ತದೆ,
ಬಾಗಿಲು ತಟ್ಟಿ ಹಿಂದೆ ಸರಿದವರ ಹಾಗೆ.

ಅಗ್ಗವೆಂದು ಅದನ್ನು ಕೊಳ್ಳುವವರು ಬಹಳ.
ಡಬ್ಬಿ ಮರೆಮಾಡದೆ ಮೇಜಿನ ಮೇಲಿಡುವವಳು ಒಬ್ಬಳೇ,
ಗ್ರಾಸಿಯಾನ ಎಚೆವೆರಿ.
ಮೋಟೆಲ್ಲಿನ ಚಾದರ ಒಗೆಯುವ ರಾತ್ರಿಪಾಳಿ ಮುಗಿಸಿ
ಗುರುವಾರ ಬೆಳಿಗ್ಗೆ, ಕೈಗಿನ್ನೂ ಬ್ಲೀಚಿನ ವಾಸನೆ,
ಎರಡು ಡಬ್ಬಿ, ನಲವತ್ತು ಈಡು.
ಊಟದ ಕಾಗದದ ತಟ್ಟೆಯೇ ಅವಳ ಗುರಿ.

"ನಳಿಗೆ ಸವೆದುಹೋಗತ್ತೆ ಕಣಮ್ಮ" ಅಂದ ಡ್ವೇನ್ ಟಲ್ಲಿಸ್,
ತನ್ನ ಹೊಳೆಯುವ ತೋಟಾಗಳನ್ನು ಸಾಲು ನಿಲ್ಲಿಸುತ್ತ.
ಅವಳು ಡಬ್ಬಿಯ ಬೆನ್ನಿಗೇ ಲೆಕ್ಕ ಬರೆದು ತೋರಿಸಿದಳು:
ಈಡಿಗಿಷ್ಟು ಉಳಿತಾಯ, ವರ್ಷಕ್ಕಿಷ್ಟು.
ಇದು ಸವೆಯುವ ಹೊತ್ತಿಗೆ
ಹೊಸ ನಳಿಗೆಯ ದುಡ್ಡು ಡ್ರಾಯರಿನಲ್ಲಿರುತ್ತೆ.
ಅಷ್ಟರಲ್ಲಿ ಕಣ್ಣೇ ಸವೆದಿದ್ದರೆ, ಕನ್ನಡಕಕ್ಕಾಯ್ತು.

ಬಂದೂಕು ಅವಳ ಸೋದರಮಾವನದು, ಕುರಿ ಕಾಯುತ್ತಿದ್ದವನದು.
ಯಾವುದೋ ಚಳಿದೇಶದ ಕಾರ್ಖಾನೆಯಲ್ಲಿ ಹುಟ್ಟಿ
ಹಾಲುಹಲ್ಲಿನಿಂದಲೂ ಉಕ್ಕನ್ನೇ ಅಗಿದದ್ದು.
ಬೇರೆಯವಕ್ಕೆ ಕಬ್ಬಿಣದ ಕಡಲೆ,
ಅದಕ್ಕೆ ಹುರಿಗಡಲೆ.
ಅದೇ ಅಳತೆಯ ತನ್ನ ಹೊಸ ಬಂದೂಕಿಗೆ ಡ್ವೇನ್ ಒಮ್ಮೆ
ಅವಳ ಹತ್ತಿರ ಐದು ಬೇಡಿ ಹಾಕಿದ.
ಮೂರನೆಯದು ಗಂಟಲಲ್ಲೇ ಕೂತಿತು.
ಬೈಗುಳ, ಎಣ್ಣೆ, ಮತ್ತೆ ಬೈಗುಳ;
ಕೊನೆಗೆ ಅವಳೇ ಮೂತಿಯಿಂದ ಕಡ್ಡಿ ತೂರಿಸಿ
ಕುಟ್ಟಿ ಕೆಡವಿದಳು.
"ಪಾಪ, ನಾಜೂಕು ಹೊಟ್ಟೆ" ಅಂದಳು, ಬಂದೂಕಿಗೆ.

ಜುಲೈ. ಹುಲ್ಲು ಬೆಂಕಿಕಡ್ಡಿಯಾಗುವ ತಿಂಗಳು.
ಅಯಸ್ಕಾಂತಕ್ಕೆ ಅಂಟುವ ಗುಂಡು ಕಲ್ಲಿಗೆ ಬಡಿದರೆ ಕಿಡಿ,
ಹಾಗಾಗಿ ಗೇಟಿನಲ್ಲಿ ಪರೀಕ್ಷೆ, ಪರೀಕ್ಷಕ ನಾನು.
ಅವಳ ಡಬ್ಬಿಗೆ ಹಗ್ಗ ಇಳಿಬಿಟ್ಟೆ.
ಒಂದಲ್ಲ, ಗೊಂಚಲೇ ಎದ್ದು ಬಂತು.
ಇಬ್ಬರಿಗೂ ಮೊದಲೇ ಗೊತ್ತಿತ್ತು, ಆದರೂ ನೋಡುತ್ತ ನಿಂತೆವು.
"ಹಿತ್ತಾಳೇದು ತಂದರೆ ಬಿಡ್ತೀನಿ" ಅಂದೆ.
ಅವಳು ಟ್ರಕ್ಕಿನಲ್ಲಿ ಕೂತು, ಕಿಟಕಿ ಇಳಿಸಿ,
ಬೇರೆಯವರ ಸದ್ದು ಕೇಳಿಕೊಂಡು
ಒಂದು ಗಂಟೆ ಇದ್ದು ಹೋದಳು.
ಮುಂದಿನ ಗುರುವಾರವೂ ಹಾಗೇ.
ಆಮೇಲೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಮಳೆ ಬಿದ್ದ ಮೇಲೆ
ಸೇಜ್ ಪೊದೆಗಳ ಬುಡ ಬಾಚುತ್ತಿದ್ದೆ.
ಹಗ್ಗಕ್ಕೆ ಕಚ್ಚಿಕೊಂಡು ಬಂದ ತುಕ್ಕುಚಿಪ್ಪಿನ
ಬಾಯಿಗೆ ಮಣ್ಣು. ಉಗುರು ಹಾಕಿದವನು ತಡೆದೆ.
ಮೆತ್ತಿದ್ದಲ್ಲ ಅದು, ಕಟ್ಟಿದ್ದು.
ಸಾಸಿವೆಯಷ್ಟು ಕರಣೆಯಿಂದ ಯಾರೋ
ನುಣ್ಣಗೆ ಗಿಲಾವು ಮಾಡಿ ಮುಗಿಸಿದ್ದರು.
ಒಂಟಿ ಬಾಳುವ ಮಣ್ಣುಜೇನು.
ಮದ್ದಿನ ಮಸಿಯಿರುವ ಕೋಣೆಯೊಳಗೆ
ಹೂಪುಡಿ, ಮರಿ, ಅಡ್ಡಗೋಡೆ, ಮತ್ತೆ ಹೂಪುಡಿ.
ಹಿತ್ತಾಳೆಯಾಗಿದ್ದರೆ ವಸಂತದವರೆಗೂ
ಇಲ್ಲಿ ಬಿದ್ದಿರುತ್ತಿತ್ತೇ?

ಗುರುವಾರ ಗ್ರಾಸಿಯಾನ ಬಂದಳು.
ತೋರಿಸಿದೆ. ಬುಡದ ಮುದ್ರೆ ಓದಿದಳು, ನನ್ನದೇ ಅಂದಳು.
ಕಿವಿಗಿಟ್ಟು ಅಲುಗಿಸದೆ ಕೇಳಿದಳು.
"ಕೋಣೆ ತೊಳೆಯದೆ ಕೊಟ್ಟುಬಿಟ್ಟಿದೀನಲ್ಲ" ಅಂದಳು.

ಪೊದೆಯ ಬುಡಕ್ಕೆ ವಾಪಸಿಟ್ಟೆವು.
ಅವತ್ತು ಅವಳು ತಟ್ಟೆ ಚುಚ್ಚಿದ್ದು ಎಡಗಡೆಯ ಕೊನೇ ಕಂಬಕ್ಕೆ,
ಆ ಪೊದೆಯಿಂದ ಆದಷ್ಟು ದೂರ.
ನಲವತ್ತು ಸಲ ಟಕ್.
ನಾನು ಬಕೆಟ್ಟು ಮಗುಚಿಹಾಕಿ ಅದರ ಮೇಲೆ ಕೂತಿದ್ದೆ.