ಎರಡು ಗಂಟೆಯ ಸುತ್ತು

ಇಪ್ಪತ್ತಮೂರು ವರ್ಷ
ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕೂವರೆಗೆ
ಹದಿನಾಲ್ಕು ಬಾಗಿಲು ತೆರೆದವಳು ನಾನು.
ಹಿಡಿಕೆ ಒತ್ತುವುದು, ನನ್ನ ಉಸಿರು ಬಿಗಿಹಿಡಿದು
ಅವರ ಉಸಿರು ಆಲಿಸುವುದು,
ಹೊದಿಕೆ ಏರಿತೇ, ಇಳಿಯಿತೇ,
ಇಳಿದದ್ದು ಮತ್ತೆ ಏರುವ ತನಕ
ಹೊಸ್ತಿಲಲ್ಲೇ ನಿಲ್ಲುವುದು.
ಇದಕ್ಕೆ ಯಾವ ಕೋರ್ಸೂ ಇರಲಿಲ್ಲ.

ಈಗ ಹಾಸಿಗೆಯಡಿ ಒಂದು ಪಟ್ಟಿ,
ಒಣಗಿದ ರೈ ರೊಟ್ಟಿಯಷ್ಟು ತೆಳ್ಳಗೆ.
ಏತು ಬಂದು ಜೋಡಿಸಿದ. ಔಲು ಪಟ್ಟಣದ ಹುಡುಗ,
ಬೂಟಿನ ಹಿಮ ಕೊಡವದೆ ಒಳಗೆ ಬಂದವನು.
ಪರದೆಯ ಮೇಲೆ ಹದಿನಾಲ್ಕು ಹಸಿರು ಚುಕ್ಕಿ.
"ಇನ್ನು ನೀವು ನಡೆಯಬೇಕಿಲ್ಲ, ಸಿರ್ಪಾ."
ನಡೆಯುವುದೇ ಕೆಲಸ ಅಂದುಕೊಂಡವಳಿಗೆ
ಉಡುಗೊರೆ ಕೊಟ್ಟ ಹಾಗೆ ಹೇಳಿದ.

ತರಬೇತಿಯ ಕೊನೆಗೆ ಒಂದು ಹಾಳೆ:
ಹೊಸ ತಂತ್ರಜ್ಞಾನವನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ?
ಒಂದರಿಂದ ಐದು.
ಮೂರಕ್ಕೆ ಸುತ್ತು ಹಾಕಿದೆ.
ಮೂರು ಅಂದರೆ, ಕೇಳಬೇಡಿ ಅಂತ.

ಮೊದಲ ವಾರ ಕದ್ದು ಸುತ್ತು ಹೊಡೆದೆ,
ಉಣ್ಣೆಯ ಕಾಲುಚೀಲದಲ್ಲಿ, ನನ್ನ ಮನೆಗೇ
ಕನ್ನ ಹಾಕಿದವಳ ಹಾಗೆ.
ಯಂತ್ರದ ಸುಳ್ಳು ಹಿಡಿಯುವ ಆಸೆ.
ಸಿಕ್ಕಿತು ಕೂಡ: ಆರನೆಯ ಕೋಣೆ ಕೆಂಪಾಯಿತು,
ಉಸಿರಿಲ್ಲ ಅಂದಿತು ಪರದೆ.
ಓಡಿದರೆ, ವಿಲ್ಹೊ ಮಂಚದ ಅಂಚಿಗೆ ಸರಿದು ಕೂತು
ಕತ್ತಲಲ್ಲಿ ಉಪ್ಪುಮಿಠಾಯಿ ಜಗಿಯುತ್ತಿದ್ದ.
ಎಷ್ಟು ಖುಷಿಯಾಯಿತೆಂದರೆ
ನಾಚಿಕೆಯಾಗಬೇಕಿತ್ತು. ಆಗಲಿಲ್ಲ.
ದೊಡ್ಡಕ್ಷರದಲ್ಲಿ ಬರೆದಿಟ್ಟೆ: ತಪ್ಪು ಎಚ್ಚರಿಕೆ.

ಒಂಬತ್ತನೆಯದು ಹಿಲ್ಕಾಳ ಕೋಣೆ.
ಎಂಬತ್ತೊಂಬತ್ತು ವಯಸ್ಸು. ಹಿಂದೆ ಈ ಕುಹ್ಮೊ ಊರಿನ
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿ, ತಂತಿ ಕಿತ್ತು
ಕಾಡಿನಾಚೆಯ ಮನೆಮನೆಯನ್ನೂ ಮಾತಾಡಿಸಿದವಳು.
ಆ ರಾತ್ರಿ, ಎರಡು ಗಂಟೆ.
ಹೆಪ್ಪುಗಟ್ಟಿದ ಸರೋವರ ಎಲ್ಲೋ ಸೀಳಿ ನರಳಿತು.
ಹಿಡಿಕೆ ಒತ್ತಿದೆ.
"ಸಿರ್ಪಾ," ಕತ್ತಲೊಳಗಿಂದ ದನಿ,
ನಿದ್ದೆಯ ಸುಳಿವೇ ಇಲ್ಲದ್ದು,
"ಆ ಹಿಡಿಕೆಗೆ ಎಣ್ಣೆ ಬಿಡು. ಇಲ್ಲವೇ ಹಿಡಿಕೆಯನ್ನೇ ಬಿಡು.
ಎರಡು ವರ್ಷದಿಂದ ಎರಡು ಗಂಟೆಗೆ ಎಚ್ಚರ ನನಗೆ.
ನೀನು ನೊಂದುಕೊಂಡೀಯೆ ಅಂತ
ಕಣ್ಣು ಮುಚ್ಚಿ, ಹೊದಿಕೆಯನ್ನು
ಏರಿಸಿ, ಇಳಿಸಿ
ತೋರಿಸುತ್ತೇನೆ."

ಉತ್ತರ ಹೊಳೆಯಲಿಲ್ಲ. ಹೊಸ್ತಿಲಲ್ಲಿ ನಿಂತೇ ಇದ್ದೆ.
ಅವಳೇ ಮುಂದುವರಿಸಿದಳು,
ಸಾಲು ಜೋಡಿಸಿಕೊಡುವ ಹಳೆಯ ದನಿಯಲ್ಲಿ:
"ನಮ್ಮ ಬೋರ್ಡು ಕಿತ್ತೊಯ್ದ ದಿನ ಅತ್ತಿದ್ದೆ.
ಯಂತ್ರಕ್ಕೇನು ಗೊತ್ತು, ಯಾರ ಮನೆಯಲ್ಲಿ
ಹತ್ತು ಸಲ ಬಾರಿಸಬೇಕು, ಯಾರು
ಹಾಲು ಕರೆಯುವುದು ಬಿಟ್ಟು ಎದ್ದು ಬರಬೇಕು ಅಂತ.
ಅದಕ್ಕೆ ಗೊತ್ತಿರಲಿಲ್ಲ, ನಿಜ.
ಆದರೆ ಜನ ಅವತ್ತೇ ಮೊದಲ ಸಲ
ನಾನು ಕೇಳಿಸಿಕೊಳ್ಳದೆ
ಮಾತಾಡಿದರು."

ಬಾಗಿಲು ಎಳೆದುಕೊಂಡೆ.
ಕಾರಿಡಾರಿನ ಕುರ್ಚಿಯಲ್ಲಿ ಕೂತೆ, ಪರದೆ ತೊಡೆಯ ಮೇಲೆ.
ಒಂಬತ್ತು: ಹಸಿರು. ಅದರ ಗೆರೆ
ಮೊದಲು ಚುರುಕು, ಏನೋ ಯೋಚಿಸುತ್ತಿರುವವರ ಹಾಗೆ.
ಇಪ್ಪತ್ತು ನಿಮಿಷಕ್ಕೆ ಅಲೆ ಅಗಲವಾಯಿತು,
ಅಗಲವಾಗುತ್ತಲೇ ಹೋಯಿತು.
ಯಾರಿಗೂ ತೋರಿಸಬೇಕಿಲ್ಲದ ಉಸಿರು.
ಅದು ಹೀಗಿರುತ್ತದೆಂದು
ನನಗೆ ಗೊತ್ತೇ ಇರಲಿಲ್ಲ.

ಈಗಲೂ ನಾಲ್ಕೂವರೆಗೆ ಏಳುತ್ತೇನೆ,
ಆರನೆಯ ಕೋಣೆಗೆ ಮಾತ್ರ.
ವಿಲ್ಹೊ ಎಚ್ಚರವಿರುತ್ತಾನೆ. ಮಿಠಾಯಿ ಅವನಿಗೊಂದು, ನನಗೊಂದು.
ವರದಿಯಲ್ಲಿ ಅದಕ್ಕೆ ಅಂಕಣವಿಲ್ಲ, ಏತುವಿಗೂ ಹೇಳಿಲ್ಲ.

ಒಂಬತ್ತರ ಹಿಡಿಕೆಗೆ ಎಣ್ಣೆ ಬಿಟ್ಟೆ,
ಹೇಗೂ ಇರಲಿ ಅಂತ.