ಬೇರೆ ಏನಾದರೂ ಇದ್ದರೆ

ಮೊದಲು ತೋಳು ಹಾಕಿದೆ: ಗಿಡ್ಡ, ಮುಕ್ಕಾಲು, ಉದ್ದ.
ಒತ್ತಿದರೆ ಪರದೆಯ ಮೇಲಿನ ರವಿಕೆಗೆ ತೋಳು ಬೆಳೆಯುತ್ತದೆ,
ಮತ್ತೆ ಒತ್ತಿದರೆ ಕುಗ್ಗುತ್ತದೆ.
ಕುತ್ತಿಗೆ ಏಳು ಬಗೆ. ಬಣ್ಣ ಇಪ್ಪತ್ತೆರಡು.
ಮಿಂಗೇಲ್ ಮಾಮ ಕನ್ನಡಕ ಹಣೆಗೇರಿಸಿ ನೋಡಿದರು.
"ಬಟ್ಟೆಯೇನೋ ಚೆಂದ ಇದೆ ಬಾಯೇ,
ಒಳಗೆ ಯಾರೂ ಇಲ್ಲವಲ್ಲ."

ಕೋಡಿಬಾಗ ರಸ್ತೆಯಲ್ಲಿ ಅವರದು ಅರ್ಧ ಬಾಗಿಲಿನ ಅಂಗಡಿ,
ಉಳಿದರ್ಧ ಮೊಬೈಲ್ ರಿಪೇರಿಯವನಿಗೆ ಬಾಡಿಗೆ.
ರೆಡಿಮೇಡ್ ಮಳಿಗೆಗಳು ಬಂದ ಮೇಲೆ ಕೈಗುಳಿದದ್ದು
ಜಿಪ್ಪು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು,
ಮತ್ತು ಜೂನ್ ತಿಂಗಳ ಯೂನಿಫಾರ್ಮು.
ಅದಕ್ಕೇ ನಾನು. ಅದಕ್ಕೇ ಈ ಗಾಜಿನೊಳಗಿನ ಅಂಗಡಿ.

ಮೂವತ್ತೊಂದು ವರ್ಷದ ಅಳತೆ ಪುಸ್ತಕ ಮುಂದಿಟ್ಟರು,
"ಇದನ್ನೂ ಒಳಗೆ ಹಾಕು."
ಎದೆ, ಸೊಂಟ, ಭುಜ: ಅಂಕಿಗಳು ಹೇಳಿದಲ್ಲಿ ಕೂತವು.
ಅಂಚಿನಲ್ಲಿ ಗೀಚಿದ್ದು ಎಲ್ಲೂ ಕೂರಲೊಲ್ಲದು:

ಸುಭದ್ರಾ ತಾಂಡೇಲ. ಬಲ ಭುಜ ಅರ್ಧ ಇಂಚು ಇಳಿದಿದೆ. ಕೇಳಬೇಡ.
ಶಾಂತಾರಾಮ ಬಾಡಕರ. ಉಸಿರು ಹಿಡಿದು ನಿಲ್ಲುತ್ತಾನೆ,
ಹೊಟ್ಟೆಗೆ ಎರಡಿಂಚು ಸೇರಿಸು.
ಜುಬೇದಾ. ಬಟ್ಟೆ ಒಳಗೆ ಬಿಡು, ಆರನೇ ತಿಂಗಳಿಗೆ ಬಿಚ್ಚಬೇಕು.
ಕೆಳಗೆ ಬೇರೆ ಶಾಯಿಯಲ್ಲಿ:
ಬಿಚ್ಚಲಿಲ್ಲ.

ಇದಕ್ಕೆ ಯಾವ ಗುಂಡಿ ಇಡಲಿ?
"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವನು
ರೆಡಿಮೇಡ್ ಮಾರುವವನೇ ಇರಬೇಕು,"
ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಮಾಮ ಗೊಣಗಿದರು.

ನಾಲ್ಕು ದಿನ ಅಳೆದೂ ಸುರಿದೂ
ಪುಟದ ತಳದಲ್ಲೊಂದು ಖಾಲಿ ಚೌಕ ಬಿಟ್ಟೆ.
ಬೇರೆ ಏನಾದರೂ ಇದ್ದರೆ ಬರೆಯಿರಿ.
ಇನ್ನೂರು ಅಕ್ಷರದ ಮಿತಿ ಹಾಕಿದ್ದೆ. ಮಾಮ ತೆಗೆಸಿದರು.

ಮೊದಲ ಆರ್ಡರು ಮುಂಬೈಯದೋ ಮಸ್ಕತ್ತಿನದೋ ಎಂದು
ಡಬ್ಬಿ ತಂದಿಟ್ಟಿದ್ದೆವು, ಗಟ್ಟಿ ಟೇಪು ಕೂಡ.
ಬಂದದ್ದು ಬೈತಖೋಲದಿಂದ.
ರವಿಕೆ. ಮುಕ್ಕಾಲು ತೋಳು. ಕಡುನೀಲಿ. ಹುಕ್ಕು ಮುಂದೆ.
ಚೌಕದಲ್ಲಿ:

"ಎಡಗಡೆ ಇಲ್ಲ. ಆಪರೇಶನ್ ಆಗಿ ವರ್ಷವಾಯಿತು.
ಆ ಕಡೆ ಒಳಗೊಂದು ಚೀಲ ಹೊಲಿದು ಕೊಡಿ,
ತುಂಬುವುದನ್ನು ನಾನು ನೋಡಿಕೊಳ್ಳುತ್ತೇನೆ.
ನಿಮ್ಮ ಅಂಗಡಿಯ ಎದುರೇ ದಿನಾ ಸಂಜೆ ಬಸ್ಸಿಗೆ ನಿಲ್ಲುತ್ತೇನೆ.
ಒಳಗೆ ಬಂದು ಹೇಳಲಾಗಲಿಲ್ಲ."

ಮಾಮ ಎರಡು ಸಲ ಓದಿಸಿಕೊಂಡರು.
ಮೇಲಿನ ಹಲಗೆಯಿಂದ ಹಳೆಯ ಮಲ್ಲಿನ ತುಂಡು ತೆಗೆದು
ತಮ್ಮ ಕೆನ್ನೆಗೆ ಉಜ್ಜಿ ನೋಡಿದರು, ಚುಚ್ಚುತ್ತದೆಯೇ ಎಂದು.
ಆಮೇಲೆ ಹೊಲಿಗೆ ಮಶೀನನ್ನು, ಕರ್ರೆನ್ನಿಸುತ್ತ,
ರಸ್ತೆಗೆ ಬೆನ್ನಾಗುವಂತೆ ತಿರುಗಿಸಿದರು.

ಸಾಗಣೆಗೆ ಅರವತ್ತು ರೂಪಾಯಿ ಅನ್ನುತ್ತಿತ್ತು ಪರದೆ.
"ಇಲ್ಲೇ ಕೊಟ್ಟುಬಿಡಬಹುದಲ್ಲ ಮಾಮ,
ರಸ್ತೆ ದಾಟಿದರಾಯಿತು."

"ಅಂಚೆಗೇ ಹಾಕು," ಅಂದರು. "ಅರವತ್ತು ನನ್ನದು."